ಅಂಕಿಗೊಂದು ಜಗಳ, ಗಡಿಗೊಂದು ವಿಧಿ

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡಿನ ಅಕ್ಷರ ಬಾರದವರೂ ಟಿಕೆಟಿನ ಅಂಕಿ ಓದಿಬಿಡುತ್ತಾರೆ. ಈ 1, 2, 3ಕ್ಕಾಗಿ ಒಮ್ಮೆ ದೆಹಲಿಯಲ್ಲಿ ದೊಡ್ಡ ಜಗಳವೇ ನಡೆದಿತ್ತು.

1949ರ ಸೆಪ್ಟೆಂಬರ್ 12ರಿಂದ 14. ಸಂವಿಧಾನ ಸಭೆಯಲ್ಲಿ ಭಾಷೆಯ ಚರ್ಚೆ. ಕೇಂದ್ರದ ಆಡಳಿತಕ್ಕೆ ಹಿಂದಿ ಎಂಬುದನ್ನು ದಕ್ಷಿಣದ ಹಲವು ಸದಸ್ಯರು ಹೇಗೋ ನುಂಗಿಕೊಂಡಿದ್ದರು. ಅಂಕಿಯೂ ದೇವನಾಗರಿಯದ್ದೇ ಬೇಕು ಅಂದಾಗ ಮಾತ್ರ ಪಟ್ಟು ಬಿಡಲಿಲ್ಲ. ಕೊನೆಗೆ ಕರಡು ಸಮಿತಿಯ ಸದಸ್ಯರಾದ ಕೆ.ಎಂ. ಮುನ್ಶಿ, ಗೋಪಾಲಸ್ವಾಮಿ ಅಯ್ಯಂಗಾರ್ ಸೇರಿ ಒಂದು ಸೂತ್ರ ಹೊಸೆದರು. ಲಿಪಿ ದೇವನಾಗರಿ. ಇಂಗ್ಲಿಷ್ ಇನ್ನೂ 15 ವರ್ಷ. ಅಂಕಿ? 343ನೇ ವಿಧಿಯಲ್ಲಿ ಹೀಗಿದೆ: ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ. ನೋಡಿ, ಎಂಥ ಜಾಣತನ! ಅಂಕಿ ಹುಟ್ಟಿದ್ದು ಇಲ್ಲಿಯೇ. ಅರಬರ ಕೈ ಹಿಡಿದು ಯುರೋಪಿಗೆ ಹೋಗಿ, ವೇಷ ಬದಲಿಸಿ ಬಂತು. ಯಕ್ಷಗಾನ ನೋಡಿದ ನಮಗೆ ಇದು ಹೊಸತೇನಲ್ಲ, ಅಲ್ವಾ? ಎರಡೂ ಕಡೆಯವರ ಮರ್ಯಾದೆ ಉಳಿಯಿತು. 15 ವರ್ಷದ ವಾಯಿದೆ ಮುಗಿದ 1965ರಲ್ಲಿ ಹಿಂದಿ ವಿರೋಧದಿಂದ ಮದ್ರಾಸ್ ರಾಜ್ಯ ಹೊತ್ತಿ ಉರಿಯಿತು. ಅದು ಬೇರೆ ಕತೆ.

ಇನ್ನು ನಮ್ಮ ಕಾಸರಗೋಡಿನ ಗಡಿ. ಭಾಷೆಗೊಂದು ಪ್ರಾಂತ್ಯ ಈಗ ಬೇಡ ಅಂತ, ಅದನ್ನು ಪರಿಶೀಲಿಸಲೆಂದೇ ನೇಮಿಸಿದ್ದ ಧರ್ ಆಯೋಗ 1948ರಲ್ಲೇ ಹೇಳಿತ್ತು. ಗಡಿ ಬದಲಿಸುವ ಅಧಿಕಾರವನ್ನು 3ನೇ ವಿಧಿ ಸಂಸತ್ತಿಗೆ ಕೊಟ್ಟಿತು. ರಾಜ್ಯದ ಅಭಿಪ್ರಾಯ ಕೇಳಬೇಕು. ಊರಿನವರನ್ನು ಕೇಳಬೇಕು ಅಂತ ಅದರಲ್ಲಿಲ್ಲ. ಅಂದಹಾಗೆ, ಸಂವಿಧಾನದ ಮೊದಲ ಕರಡು ಸಿದ್ಧಪಡಿಸಿದ ಬೆನಗಲ್ ನರಸಿಂಗ ರಾಯರು ಮಂಗಳೂರಿನಲ್ಲಿ ಹುಟ್ಟಿದವರು. ಆಗ ನಾವೂ ಅದೇ ಜಿಲ್ಲೆ. ಸುಮ್ನೆ ಒಂದು ಹೆಮ್ಮೆ, ಅಷ್ಟೆ.

1956ರ ನವೆಂಬರ್ 1ರಂದು ನಾವು ಮದ್ರಾಸಿನಿಂದ ಕೇರಳಕ್ಕೆ ಸೇರಿದೆವು. ಅದೇ ದಿನ ಸಂವಿಧಾನದ 7ನೇ ತಿದ್ದುಪಡಿ ಜಾರಿಗೆ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಪಾಠ ತಾಯ್ನುಡಿಯಲ್ಲಿ ಸಿಗುವಂತೆ ರಾಜ್ಯ ಪ್ರಯತ್ನಿಸಬೇಕು ಎಂಬ 350ಎ ವಿಧಿ ಅದರ ಜೊತೆಗೇ ಬಂತು. ಕೊಡಬೇಕು ಅಂತಲ್ಲ, ಪ್ರಯತ್ನಿಸಬೇಕು ಅಂತ. ರಾಜಿಯ ವಾಸನೆ ಅಲ್ಲಿಯೂ ಇದೆ.

ನನಗೆ ಜಾಸ್ತಿ ಇಷ್ಟವಾದದ್ದು ಅದರ ಹಿಂದಿನ 350ನೇ ವಿಧಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ನಿಮ್ಮ ಅಹವಾಲು ಸಲ್ಲಿಸಬಹುದು. ಅದನ್ನೇ ನಂಬಿ ಕಳೆದ ಮಳೆಗಾಲದಲ್ಲಿ ಒಂದು ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟೆ. ತೆಗೆದುಕೊಂಡರು. ತಿಂಗಳೊಳಗೆ ಉತ್ತರವೂ ಬಂತು, ಮಲಯಾಳದಲ್ಲಿ. ಉತ್ತರ ಯಾವ ಭಾಷೆಯಲ್ಲಿರಬೇಕು ಅಂತ ವಿಧಿಯಲ್ಲಿಲ್ಲ. ಪಕ್ಕದ ಮನೆಯ ಹುಡುಗಿ ಓದಿ ಹೇಳಿದಳು. ಕಾಗದದಲ್ಲಿ ನಾನೇ ಓದಿಕೊಂಡದ್ದು ತಾರೀಕು ಮಾತ್ರ.