ಬಾಡಿಗೆ ಕಟ್ಟುವವರು ಯಾರು?

ನಮಸ್ಕಾರ ಕೇಳುಗರೇ. ಟಿವಿ ಚರ್ಚೆಗೆ ‘ನೀತಿ ತಜ್ಞರು’ ಎಂದು ಒಬ್ಬರು ಬಂದು ಕೂರುತ್ತಾರೆ. ಹೆಸರಿನ ಕೆಳಗೆ ಯಾವುದೋ ಸಂಶೋಧನಾ ಸಂಸ್ಥೆಯ ಹೆಸರು. ಆ ಸಂಸ್ಥೆಯ ಬಾಡಿಗೆ ಕಟ್ಟುವವರು ಯಾರು? ಅದನ್ನು ಮಾತ್ರ ಯಾರೂ ಕೇಳುವುದಿಲ್ಲ! ಇವತ್ತು ನಾನು ಹೇಳುವುದು ಅದೊಂದನ್ನೇ.

ಇಂಗ್ಲೆಂಡಿನ ಆಂಟನಿ ಫಿಷರ್ ಕಥೆ ಕೇಳಿ. ಯುದ್ಧದಲ್ಲಿ ವಿಮಾನ ಹಾರಿಸಿದವರು. ರೀಡರ್ಸ್ ಡೈಜೆಸ್ಟ್‌ನಲ್ಲಿ ಹಯೆಕ್ ಎಂಬ ಅರ್ಥಶಾಸ್ತ್ರಜ್ಞರ ಬರಹ ಓದಿ, 1945ರಲ್ಲಿ ಅವರನ್ನೇ ಹುಡುಕಿಕೊಂಡು ಹೋದರು. ನಾನು ರಾಜಕೀಯಕ್ಕೆ ಇಳಿಯಲಾ ಎಂದು ಕೇಳಿದರು. ಬೇಡ ಅಂದರು ಹಯೆಕ್. ಮೊದಲು ಜನರ ವಿಚಾರ ಬದಲಾಗಬೇಕು, ಅದಕ್ಕೊಂದು ಸಂಸ್ಥೆ ಕಟ್ಟು ಎಂದರು.

ಸರಿ, ದುಡ್ಡು? 1952ರಲ್ಲಿ ಅಮೆರಿಕಕ್ಕೆ ಹೋದ ಫಿಷರ್, ಬ್ರಾಯ್ಲರ್ ಕೋಳಿ ಸಾಕಣೆ ನೋಡಿಕೊಂಡು ಬಂದರು. ಸಸೆಕ್ಸ್‌ನಲ್ಲಿ ‘ಬಕ್ಸ್‌ಟೆಡ್ ಚಿಕನ್’ ಶುರು ಮಾಡಿದರು. ಅಪರೂಪಕ್ಕೆ ಬೇಯುತ್ತಿದ್ದ ಕೋಳಿ ಬ್ರಿಟನ್ನಿನ ಅಡುಗೆಮನೆಗಳಲ್ಲಿ ಮಾಮೂಲಾಯಿತು. ಫಿಷರ್ ಕೈಯಲ್ಲಿ ದುಡ್ಡು ಓಡಾಡಿತು. 1955ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಅಫೇರ್ಸ್ ಹುಟ್ಟಿತು. ಅಲ್ಲಿಂದ ಮುಕ್ತ ಮಾರುಕಟ್ಟೆಯ ಪರವಾಗಿ ಕಿರುಹೊತ್ತಗೆಗಳು ಬರುತ್ತಲೇ ಇದ್ದವು. 1979ರಲ್ಲಿ ಪ್ರಧಾನಿಯಾದ ಥ್ಯಾಚರ್ ಅವರ ನೀತಿಗಳಿಗೆ ನೆಲ ಹದಗೊಳಿಸಿದ್ದರಲ್ಲಿ ಈ ಸಂಸ್ಥೆಯ ಪಾಲು ದೊಡ್ಡದು. ಕೋಳಿ ಕೈಹಿಡಿಯಿತು ಅಂತ ಫಿಷರ್ ಆಮೇಲೆ ಕೇಮನ್ ದ್ವೀಪದಲ್ಲಿ ಆಮೆ ಸಾಕಿದರು, ದುಡ್ಡು ಮುಳುಗಿತು. ಅದು ಬೇರೆ ಕಥೆ ಬಿಡಿ.

ಹೊತ್ತು ಆಗುತ್ತಿದೆ, ಬೇಗ ಹೇಳಿಬಿಡುತ್ತೇನೆ. 1973ರಲ್ಲಿ ಅಮೆರಿಕದ ವಾಷಿಂಗ್ಟನ್ನಿನಲ್ಲಿ ಹೆರಿಟೇಜ್ ಫೌಂಡೇಶನ್ ಎಂಬ ಇಂಥದ್ದೇ ಸಂಸ್ಥೆಗೆ ಬಿಯರ್ ಉದ್ಯಮಿ ಜೋಸೆಫ್ ಕೂರ್ಸ್ ಮೊದಲಿಗೆ ಕೊಟ್ಟದ್ದು 2.5 ಲಕ್ಷ ಡಾಲರ್. ಆಮೇಲೆ ಅಂಚೆಯಲ್ಲಿ ಮನವಿ ಕಳಿಸಿ ಸಾಮಾನ್ಯ ಜನರಿಂದಲೂ ಸಣ್ಣಸಣ್ಣ ಮೊತ್ತ ಎತ್ತಿದರು. ಇಂಥ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಅಲ್ಲಿ ತೆರಿಗೆ ರಿಯಾಯಿತಿ ಇದೆ. ಎಲ್ಲ ಪಂಥದವರೂ ಹೀಗೇ ದುಡ್ಡು ಎತ್ತುತ್ತಾರೆ. ತಪ್ಪೇನಿಲ್ಲ. ಕೊಟ್ಟವರು ಯಾರು ಅಂತ ಗೊತ್ತಾಗಬೇಕು, ಅಷ್ಟೇ.

ಹೇಗೆ ತಿಳಿಯುವುದು ಅಂತೀರಾ? ಅಮೆರಿಕದಲ್ಲಿ ಇಂಥ ಸಂಸ್ಥೆಯ ಲೆಕ್ಕಪತ್ರದಲ್ಲಿ ಒಟ್ಟು ಮೊತ್ತ ಸಿಗುತ್ತದೆ, ದಾನಿಗಳ ಹೆಸರು ಹೊರಗೆ ಹಾಕಬೇಕಿಲ್ಲ. ಆದರೆ ಶ್ರೀಮಂತರ ಖಾಸಗಿ ಪ್ರತಿಷ್ಠಾನಗಳು ಯಾರಿಗೆ ಎಷ್ಟು ಕೊಟ್ಟೆವು ಎಂದು ಬರೆದು ಬಹಿರಂಗ ಮಾಡಲೇಬೇಕು. ಹಾಗಾಗಿ ಪಡೆದವರನ್ನು ಬಿಟ್ಟು ಕೊಟ್ಟವರ ಕಡೆಯಿಂದ ಹುಡುಕಿ. ದಾನಿಗಳೂ ಜಾಣರು, ಅಲ್ವಾ? ಡೋನರ್ಸ್ ಟ್ರಸ್ಟ್ ಅಂತ 1999ರಲ್ಲಿ ಒಂದು ನಿಧಿ ಶುರುವಾಯಿತು. ದುಡ್ಡು ಅದರೊಳಗೆ ಹೋಗಿ ಹೊರಬಂದರೆ ಕಾಗದದಲ್ಲಿ ಕಾಣುವುದು ಆ ನಿಧಿಯ ಹೆಸರು ಮಾತ್ರ.