ಗಂಟು ಕಟ್ಟುವ ಪುಡಿಯ ಗುಣ

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಗಾಜಿನ ಲೋಟದ ನೀರಿಗೆ ಒಂದು ಮಾತ್ರೆ ಹಾಕುತ್ತಿದ್ದೇನೆ. ಅದು ಅಲ್ಲೇ ಇರಲಿ.

ಪ್ರಯೋಗಾಲಯಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹಚ್ಚುವ ಕೆಲಸ ಹೈಪ್ರೊಮೆಲೋಸ್ ಪುಡಿಯನ್ನು ತಣ್ಣೀರಿನಲ್ಲಿ ಕರಗಿಸುವುದು. ಸುರಿದ ಕೂಡಲೇ ಅದು ಗಂಟು ಕಟ್ಟುತ್ತದೆ. ಎಷ್ಟು ಕದಡಿದರೂ ಜಗ್ಗುವುದಿಲ್ಲ. ಒಂದು ಗಂಟನ್ನು ಬೆರಳಲ್ಲಿ ಹಿಚುಕಿದರೆ ಹೊರಗೆ ಜಾರುವ ಲೋಳೆ, ಒಳಗೆ ಒಣ ಪುಡಿ. ಅವರು ಗೊಣಗುತ್ತಾರೆ, ನನಗೆ ಒಳಗೊಳಗೇ ಖುಷಿ. ಇದೇ ಪುಡಿಯನ್ನು ಔಷಧದೊಂದಿಗೆ ಬೆರೆಸಿ ಅಚ್ಚಿನಲ್ಲಿ ಒತ್ತಿದರೆ, ಔಷಧವನ್ನು ನಿಧಾನವಾಗಿ ಬಿಡುವ, ದಿನಕ್ಕೊಮ್ಮೆ ನುಂಗಿದರೆ ಸಾಕಾಗುವ ಮಾತ್ರೆ ಸಿಗುತ್ತದೆ.

ಇದರ ಮೂಲ ಸೆಲ್ಯುಲೋಸ್, ಅಂದರೆ ಹತ್ತಿಯಲ್ಲೂ ಮರದಲ್ಲೂ ಇರುವ ವಸ್ತು. ಅದರ ಸರಪಳಿಗಳು ಹೈಡ್ರೋಜನ್ ಬಂಧಗಳಿಂದ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅದು ನೀರಿನಲ್ಲಿ ಕರಗುವುದಿಲ್ಲ. ಅಲ್ಲಲ್ಲಿ ಮೀಥೈಲ್, ಹೈಡ್ರಾಕ್ಸಿಪ್ರೊಪೈಲ್ ಎಂಬ ಸಣ್ಣ ಪರಮಾಣು ಗುಂಪುಗಳನ್ನು ಸೇರಿಸಿದರೆ ಆ ಬಿಗಿ ಸಡಿಲವಾಗಿ ನೀರಿಗೆ ದಾರಿಯಾಗುತ್ತದೆ; ಅದೇ ಹೈಪ್ರೊಮೆಲೋಸ್. ವಿಚಿತ್ರವೆಂದರೆ ಇದು ಕರಗುವುದು ತಣ್ಣೀರಿನಲ್ಲಿ, ಬಿಸಿನೀರಿನಲ್ಲಲ್ಲ. ಆದ್ದರಿಂದ ಗಂಟಿಲ್ಲದ ದ್ರಾವಣ ಬೇಕಾದವರು ಬಿಸಿನೀರಿನಲ್ಲಿ ಪುಡಿಯನ್ನು ಹರಡಿ, ಆಮೇಲೆ ತಣಿಸುತ್ತಾರೆ.

ಹೊಟ್ಟೆ ಸೇರಿದ ಮಾತ್ರೆಯ ಮೈ ಕೆಲವೇ ನಿಮಿಷಗಳಲ್ಲಿ ಉಬ್ಬಿ ಲೋಳೆಯ ಪದರವಾಗುತ್ತದೆ. ಆ ಕೆಲವು ನಿಮಿಷಗಳೇ ಗಂಡಾಂತರದ ಹೊತ್ತು. ಪಾಲಿಮರ್, ಅಂದರೆ ಉದ್ದ ಸರಪಳಿಯ ಈ ಹೈಪ್ರೊಮೆಲೋಸ್, ಕಡಿಮೆಯಾಗಿದ್ದರೆ ಅಥವಾ ಪುಡಿ ತೀರಾ ದಪ್ಪಗಿದ್ದರೆ ಪದರ ಕೂಡಿಕೊಳ್ಳುವ ಮೊದಲೇ ನೀರು ನುಗ್ಗಿ ಮಾತ್ರೆ ಚೂರಾಗಬಹುದು. ಅದಕ್ಕೇ ಮಾತ್ರೆಯ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಪಾಲಿಮರ್‌ಗೇ ಬಿಟ್ಟುಕೊಡುವುದು ರೂಢಿ. ಪದರ ನಿಂತ ಮೇಲೆ, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್‌ನಂತೆ ಸುಲಭವಾಗಿ ಕರಗುವ ಔಷಧ ಲೋಳೆಯೊಳಗಿಂದ ಮೆಲ್ಲನೆ ಹೊರಗೆ ಹಾಯುತ್ತದೆ. ಕಷ್ಟದಿಂದ ಕರಗುವಂಥದ್ದು ಪದರವೇ ಸವೆಯುವವರೆಗೆ ಕಾಯುತ್ತದೆ.

ಔಷಧ ವಿಜ್ಞಾನಿ ಟಕೇರು ಹಿಗುಚಿ 1961ರಲ್ಲಿ ಮುಲಾಮುಗಳಿಗಾಗಿ ಬರೆದ ಸಮೀಕರಣ ಇಲ್ಲಿಗೂ ಬಹುಮಟ್ಟಿಗೆ ಹೊಂದುತ್ತದೆ. ಹೊರಬರುವ ಔಷಧದ ಪ್ರಮಾಣ ಸಮಯದ ವರ್ಗಮೂಲವನ್ನು ಅನುಸರಿಸುತ್ತದೆ. ಒಂದು ಗಂಟೆಯಲ್ಲಿ ಶೇ 20 ಬಂದರೆ, ನಾಲ್ಕು ಗಂಟೆಯಲ್ಲಿ ಶೇ 80 ಅಲ್ಲ, ಶೇ 40. ಹೊತ್ತು ಕಳೆದಂತೆ ಔಷಧ ನಡೆಯಬೇಕಾದ ದಾರಿ ಉದ್ದವಾಗುತ್ತದೆ, ಅಷ್ಟೇ.

ಪಾಲಿಮರ್‌ನ ಸ್ನಿಗ್ಧತೆ, ಅಂದರೆ ಅದರ ದ್ರಾವಣದ ಮಂದತನ, ಹೆಚ್ಚಿಸಿದಷ್ಟೂ ಬಿಡುಗಡೆ ನಿಧಾನವಾಗುತ್ತದೆ ಎಂದು ನಂಬುವವರಿದ್ದಾರೆ. ಒಂದು ಮಟ್ಟದವರೆಗೆ ಮಾತ್ರ ನಿಜ, ಆಮೇಲೆ ಹೆಚ್ಚೇನೂ ಬದಲಾಗುವುದಿಲ್ಲ.

ಮಾತ್ರೆಯ ಹಾಳೆಯ ಮೇಲೆ ‘ಎಸ್‌ಆರ್’ ಅಥವಾ ‘ಇಆರ್’ (ಔಷಧವನ್ನು ನಿಧಾನವಾಗಿ, ಹೆಚ್ಚು ಹೊತ್ತು ಬಿಡುವ ಮಾತ್ರೆ ಎಂಬ ಗುರುತು) ಎಂದಿದ್ದರೆ ಅದನ್ನು ಪುಡಿ ಮಾಡಬೇಡಿ, ಜಗಿಯಬೇಡಿ. ಹಾಗೆ ಮಾಡಿದರೆ ಇಡೀ ದಿನಕ್ಕೆಂದು ಇಟ್ಟ ಔಷಧ ಒಮ್ಮೆಲೇ ರಕ್ತಕ್ಕೆ ಇಳಿಯಬಹುದು. ಮಲದಲ್ಲಿ ಮೆತ್ತನೆಯ ಮಾತ್ರೆಯಂಥದ್ದು ಕಂಡಿತೆಂದು ಗಾಬರಿಯಾಗುವವರೂ ಇದ್ದಾರೆ. ಸಾಮಾನ್ಯವಾಗಿ ಅದು ಔಷಧ ಹೊರಟುಹೋದ ಮೇಲೆ ಉಳಿದ ಲೋಳೆಯ ಗೂಡು.

ಈಗ ಲೋಟದ ಮಾತ್ರೆ ತೆಗೆಯುತ್ತೇನೆ. ನೋಡಿ, ಜಾರುತ್ತಿದೆ, ಊದಿಕೊಂಡಿದೆ. ಬ್ಲೇಡಿನಿಂದ ಕೊಯ್ದರೆ ಸುತ್ತ ಪಾರದರ್ಶಕ ಉಂಗುರ, ನಡುವೆ ಬಿಳಿ ತಿರುಳು. ಮುಂದಿನ ಸಾಲಿನವರು ಮುಟ್ಟಿ ನೋಡಿ, ಆ ತಿರುಳು ಇನ್ನೂ ಒಣಗಿಯೇ ಇದೆ.