ಪಾರ್ಚ್‌ಮೆಂಟ್ ಅಂದ್ರೆ ಕಾಫಿ ಅಲ್ವಾ ಅಕ್ಕ?

ಕೇಳುಗರಿಗೆಲ್ಲ ನಮಸ್ಕಾರ. ನಾನು ಮೂಡಿಗೆರೆ ಕಡೆ ಒಂದು ಡಿಗ್ರಿ ಕಾಲೇಜಲ್ಲಿ ಇಂಗ್ಲಿಷ್ ಪಾಠ ಮಾಡ್ತೀನಿ. ನಮ್ಮ ಫೈನಲ್ ಇಯರ್ ಬಿಎ ಹುಡುಗಿ ಒಬ್ಳು ಪ್ರಾಜೆಕ್ಟ್‌ಗೆ ಅಂತ ಜೂನಿಯರ್ಸ್‌ನ ಒಬ್ಬೊಬ್ಬರನ್ನೇ ಲೈಬ್ರರಿ ಮೂಲೇಲಿ ಕೂರಿಸ್ಕೊಂಡು ಒಂದು ಇಂಗ್ಲಿಷ್ ಪುಟ ಓದಿಸೋಳು, ಗೊತ್ತಿಲ್ಲದ ಪದಕ್ಕೆ ಗೆರೆ ಹಾಕಿ ಅನ್ನೋಳು, ಆಮೇಲೆ ಏನ್ ಅರ್ಥ ಆಯ್ತು ಅಂತ ಕನ್ನಡದಲ್ಲೇ ಹೇಳಿಸಿ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳೋಳು. ಅದನ್ನ ಕೇಳಿದ ಮೇಲೆ ನಾನು ಪಾಠ ಮಾಡೋ ರೀತಿನೇ ಬದಲಾಗಿದೆ.

ಒಬ್ಬ ಹುಡುಗ, ಅವರಪ್ಪ ಕಾಫಿ ಎಸ್ಟೇಟಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋರು. ಪುಟದಲ್ಲಿದ್ದದ್ದು ಹಳೇ ಕಾಲದ ರಾಜನೊಬ್ಬ ಪಾರ್ಚ್‌ಮೆಂಟ್, ಅಂದ್ರೆ ತೊಗಲಿನ ಹಾಳೆ ಮೇಲೆ ಬರೆಸಿದ ಪತ್ರದ ವಿಷಯ. ಇವನು ಆ ಪದಕ್ಕೆ ಗೆರೆನೇ ಹಾಕಿಲ್ಲ. ಕೇಳಿದ್ರೆ, "ಪಾರ್ಚ್‌ಮೆಂಟ್ ಅಂದ್ರೆ ಕಾಫಿ ಅಲ್ವಾ ಅಕ್ಕ, ಹಣ್ಣು ಸುಲಿಯೋ ಪಲ್ಪರ್‌ಗೆ ಹಾಕಿ ತೊಳೆದು ಒಣಗಿಸಿರೋದು, ರಾಜ ಪತ್ರದ ಜೊತೆ ಮೂಟೆನೂ ಕಳಿಸಿದಾನೆ" ಅಂದ. ಆಮೇಲಿನ ಸಾಲುಗಳನ್ನೆಲ್ಲ ಆ ಮೂಟೆಗೇ ಹೊಂದಿಸ್ಕೊಂಡು ಹೋಗಿದಾನೆ ಪಾಪ. ಬೀಜದ ಮೇಲಿನ ಸಿಪ್ಪೆ ತೊಗಲಿನ ಹಾಳೆ ಥರ ಇರುತ್ತೆ ಅಂತಲೇ ಕಾಫಿಗೆ ಆ ಹೆಸರು ಬಂದಿದ್ದು, ಆದ್ರೆ ಅದನ್ನ ಅವನಿಗೆ ಯಾರು ಹೇಳಿದಾರೆ?

ಇಸ್ರೇಲಿನ ಬಾತಿಯಾ ಲಾಫರ್ ಅನ್ನೋ ಸಂಶೋಧಕಿ ಇದನ್ನೇ ಹೇಳ್ತಾರೆ, ಗೊತ್ತಿಲ್ಲ ಅಂತ ಗೊತ್ತಿರೋ ಪದಕ್ಕಿಂತ ಗೊತ್ತು ಅಂದ್ಕೊಂಡಿರೋ ಪದ ಜಾಸ್ತಿ ದಾರಿ ತಪ್ಪಿಸುತ್ತೆ, ಯಾಕಂದ್ರೆ ಅಲ್ಲಿ ಓದೋರು ನಿಂತು ಯೋಚನೆನೇ ಮಾಡಲ್ಲ.

"ಸಂದರ್ಭ ನೋಡಿ ಊಹಿಸು" ಅಂತ ನಾವು ಮೇಷ್ಟ್ರುಗಳು ಸಲೀಸಾಗಿ ಹೇಳ್ಬಿಡ್ತೀವಿ. ಊಹಿಸೋಕೆ ಸುತ್ತಲಿನ ಪದಗಳು ಗೊತ್ತಿರ್ಬೇಕಲ್ಲ! ಹಿಂದೆ ಢಾಕಾದಲ್ಲಿ ಕೆಲಸ ಮಾಡಿದ್ದ ಶಿಕ್ಷಣ ತಜ್ಞ ಮೈಕೆಲ್ ವೆಸ್ಟ್ 1953ರಲ್ಲಿ ಇಂಗ್ಲಿಷಿನ ಸುಮಾರು 2000 ಮುಖ್ಯ ಪದಗಳ ಪಟ್ಟಿ ಹೊರಗೆ ತಂದ್ರು, ಅಷ್ಟೂ ಬಂದ್ರೂ ಮಾಮೂಲಿ ಬರಹದಲ್ಲಿ ನೂರಕ್ಕೆ ಇಪ್ಪತ್ತರ ಹತ್ತಿರ ಪದ ಗೊತ್ತಿಲ್ಲದೇ ಉಳಿಯುತ್ತೆ, ಅಂದ್ರೆ ಸಾಲಿಗೆ ಎರಡು. ನ್ಯೂಜಿಲೆಂಡಿನ ಭಾಷಾ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಹಾಕಿದ ಲೆಕ್ಕದಲ್ಲಿ, ಪೇಪರ್ರು ಕಾದಂಬರಿ ಯಾರ ಸಹಾಯನೂ ಇಲ್ಲದೆ ಓದೋಕೆ ನೂರರಲ್ಲಿ 98 ಪದ ಗೊತ್ತಿರ್ಬೇಕು, ಅದಕ್ಕೆ 8ರಿಂದ 9 ಸಾವಿರ ಮೂಲ ಪದಗಳು, ಅವುಗಳ ರೂಪಗಳ ಸಮೇತ. ನಮ್ಮ ಹಳ್ಳಿ ಮಕ್ಕಳಿಗೆ ಮೊದಲ ದಿನವೇ ದೊಡ್ಡ ಪ್ರಬಂಧ ಕೊಟ್ಟು ಓದಲ್ಲ ಅಂತ ಬೈಯೋದು ನನಗಂತೂ ಈಗ ಅನ್ಯಾಯ ಅನ್ಸುತ್ತೆ. ಚಿಕ್ಕ, ಸುಲಭದ ಪುಸ್ತಕ ಬೇಕಾದಷ್ಟು ಓದ್ಲಿ, ಡಿಗ್ರಿ ಹುಡುಗ್ರಿಗೆ ಅದೇನು ಅವಮಾನ ಅಲ್ಲ.

ಆ ಹುಡುಗಿ ಈಗ ಪ್ರಶ್ನೆನೇ ಬದಲಾಯಿಸಿದಾಳೆ, ಗೊತ್ತಿರೋ ಪದಗಳ ಅರ್ಥನೂ ಹೇಳಿ ಅಂತಾಳೆ. ಹೋದ ವಾರ ಅದೇ ರೈಟರ್ ಮಗನಿಗೆ, ಊರಿನ ಬ್ಯಾಕಿಂಗ್ ಇದ್ದ ನಾಯಕ ಅಂತ ಒಂದು ಸಾಲು ಸಿಕ್ತು. ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದ, "ನಮ್ಮಲ್ಲಿ ಕಾಫಿ ಗಿಡ ಹೂ ಬಿಡಿಸೋ ಹೂಮಳೆ ಆದ್ಮೇಲೆ ಬ್ಯಾಕಿಂಗ್ ಮಳೆ ಬರುತ್ತಲ್ಲ ಅಕ್ಕ, ಅದು ಬರದಿದ್ರೆ ಹೂ ಬಿಟ್ಟಿದ್ದೂ ಕಾಯಿ ಕಚ್ಚಲ್ಲ, ಇದೂ ಹಂಗೇ ಇರ್ಬೇಕು, ಹಿಂದೆ ನಿಂತು ಕಾಪಾಡೋದು."